ಸಾರಿ ಅಂದಾಗ ನಾವು ಏನು ಹೇಳ್ತಿರ್ತೀವಿ?

(ಮೊನ್ನೆ ಮಾತಾಡಿದ್ದನ್ನ ಬರೆದು ಕೊಡಿ ಅಂತ ಕೆಲವರು ಕೇಳಿದ್ರು. ಮಾತಾಡಿದ ಹಾಗೇ ಬರೆದಿದೀನಿ, ಅಲ್ಲಲ್ಲಿ ಸ್ವಲ್ಪ ಸೇರಿಸಿದೀನಿ ಅಷ್ಟೆ.)

ಎಲ್ರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡ್ತೀನಿ, ಸಾರಿ. ಇಂಗ್ಲಿಷ್ ಒಂದಕ್ಷರ ಬರದೇ ಇರೋರೂ ಇದನ್ನ ಹೇಳ್ತಾರೆ, ಈಗಷ್ಟೇ ಮಾತು ಕಲೀತಿರೋ ಮಗೂನೂ ಹೇಳತ್ತೆ, ಹಾಗಿರೋವಾಗ ಇದರಲ್ಲಿ ತಿಳ್ಕೊಳ್ಳೋಕೆ ಏನಿದೆ ಅಂತ ನಿಮಗೆ ಅನ್ನಿಸಬಹುದು. ನನಗೂ ತುಂಬ ವರ್ಷ ಹಾಗೇ ಅನ್ನಿಸಿತ್ತು.

ನಮ್ಮಪ್ಪ ತೀರಿಕೊಂಡಾಗ ನಾನು ಒಂದಷ್ಟು ದಿನ ರಜೆ ಹಾಕಿದ್ದೆ, ಆಗ ನನ್ನ ಜೊತೆ ಕೆಲಸ ಮಾಡ್ತಿದ್ದ ಬೇರೆ ದೇಶದ ಹೆಂಗಸೊಬ್ಬರು ಒಂದು ಮೇಲ್ ಕಳ್ಸಿದ್ರು. ಅದರಲ್ಲಿ ಇದ್ದಿದ್ದು ಒಂದೇ ಸಾಲು, ಐ ಆಮ್ ಸೋ ಸಾರಿ. ನಾನು ಅದನ್ನ ಓದಿ, ಪಾಪ ಇವರ್ಯಾಕೆ ಕ್ಷಮೆ ಕೇಳ್ತಿದಾರೆ, ಇವರು ಏನು ಮಾಡಿದಾರೆ ಅಂತ ಯೋಚನೆ ಮಾಡಿ, ಅವರಿಗೆ ಸಮಾಧಾನ ಆಗ್ಲಿ ಅಂತ ಇಟ್ಸ್ ಓಕೆ, ಇಟ್ಸ್ ನಾಟ್ ಯುವರ್ ಫಾಲ್ಟ್ ಅಂತ ಉತ್ತರ ಬರೆದೆ. ಅಂದ್ರೆ ಪರವಾಗಿಲ್ಲ, ನಿಮ್ಮ ತಪ್ಪೇನಿಲ್ಲ ಅಂತ. ಅವರು ಮತ್ತೆ ಏನೂ ಬರೀಲಿಲ್ಲ. ಎಷ್ಟೋ ದಿನ ಆದ್ಮೇಲೆ ನನಗೆ ಹೊಳೀತು, ಅವರು ನನ್ನ ದುಃಖದಲ್ಲಿ ಪಾಲು ತಗೊಳ್ಳೋಕೆ ಬಂದಿದ್ರು, ನಾನು ಅವರನ್ನ ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸಿ ಆಮೇಲೆ ಬಿಡುಗಡೆ ಮಾಡಿ ಕಳ್ಸಿದ್ದೆ ಅಂತ. ಈ ಪದದ ಹಿಂದೆ ಬಿದ್ದಿದ್ದು ಅವತ್ತಿಂದ.

ಮೊದಲು ಪದ ಎಲ್ಲಿಂದ ಬಂತು ನೋಡೋಣ. ಹಳೇ ಇಂಗ್ಲಿಷಲ್ಲಿ ಸಾರ್ ಅಂತ ಒಂದು ಪದ ಇತ್ತು, ನೋವು, ಗಾಯ ಅಂತ ಅರ್ಥ. ಇವತ್ತು ಸೋರ್ ಥ್ರೋಟ್ ಅಂತೀವಲ್ಲ, ಗಂಟಲು ನೋವು, ಆ ಸೋರ್ ಬಂದಿದ್ದು ಇದರಿಂದಾನೇ. ಈ ಸಾರ್‌ಗೆ ಇಗ್ ಅಂತ ಬಾಲ ಸೇರಿ ಸಾರಿಗ್ ಅಂತ ಆಯ್ತು, ನೋವು ತುಂಬಿರೋ, ನೊಂದಿರೋ ಅಂತ. ಅದೇ ಸವೆದು ಸವೆದು ಸಾರಿ ಆಗಿದೆ. ಜರ್ಮನ್ ಭಾಷೆ ಕಲಿತಿರೋರಿಗೆ ಝೇರ್ ಅನ್ನೋ ಪದ ಗೊತ್ತಿರತ್ತೆ, ತುಂಬ ಅಂತ ಅರ್ಥ, ಅದೂ ಇದೇ ಬೇರಿಂದು. ನೋವಾಗೋ ಅಷ್ಟು ಅನ್ನೋದು ಸುಮ್ನೆ ತುಂಬ ಅನ್ನೋ ಅರ್ಥಕ್ಕೆ ಬಂದು ನಿಂತಿದೆ, ನಾವು ಭಯಂಕರ ಚೆನ್ನಾಗಿದೆ ಅಂದಾಗ ಭಯ ಹೋಗಿ ತುಂಬ ಅನ್ನೋದು ಮಾತ್ರ ಉಳ್ಕೊಳ್ಳೋ ಹಾಗೆ.

ಇಲ್ಲಿ ಒಂದು ಆಶ್ಚರ್ಯ ಇದೆ. ಸಾರಿ ಮತ್ತೆ ಸಾರೋ, ಅಂದ್ರೆ ದುಃಖ ಅನ್ನೋ ಪದ, ಇವೆರಡೂ ಅಕ್ಕ ತಂಗಿ ಅಂತ ಯಾರಿಗಾದ್ರೂ ಅನ್ನಿಸತ್ತೆ. ಆದ್ರೆ ಸಾರೋ ಬಂದಿದ್ದು ಸೊರ್ಗ್ ಅನ್ನೋ ಬೇರೆ ಬೇರಿಂದ, ಹುಟ್ಟಿನಲ್ಲಿ ಎರಡಕ್ಕೂ ಸಂಬಂಧ ಇಲ್ಲ. ನೂರಾರು ವರ್ಷ ಅಕ್ಕಪಕ್ಕ ಇದ್ದು ಇದ್ದು ರೂಪದಲ್ಲೂ ಅರ್ಥದಲ್ಲೂ ಒಂದನ್ನೊಂದು ಹೋಲೋಕೆ ಶುರು ಮಾಡಿವೆ.

ಇದನ್ನೆಲ್ಲ ಯಾಕೆ ಹೇಳ್ದೆ ಅಂದ್ರೆ, ನೋವು ಅನ್ನೋ ಆ ಹಳೇ ಅರ್ಥ ಈ ಪದ ಬಿಟ್ಟು ಎಲ್ಲೂ ಹೋಗಿಲ್ಲ. ಐ ಆಮ್ ಸಾರಿ ಅನ್ನೋ ವಾಕ್ಯಾನ ಬಿಡಿಸಿ ನೋಡಿ. ಐ ಆಮ್ ಹಂಗ್ರಿ, ಐ ಆಮ್ ಟಯರ್ಡ್, ಐ ಆಮ್ ಸಾರಿ, ಮೂರರದ್ದೂ ಒಂದೇ ಅಚ್ಚು. ಹಸಿವಾಗಿದೆ, ಸುಸ್ತಾಗಿದೆ, ನೋವಾಗಿದೆ. ನನ್ನ ಒಳಗೆ ಏನಾಗ್ತಿದೆ ಅಂತ ನಾನು ನಿಮಗೆ ತಿಳಿಸ್ತಿದೀನಿ ಅಷ್ಟೆ, ನಿಮ್ಮನ್ನ ಏನನ್ನೂ ಕೇಳ್ತಾ ಇಲ್ಲ. ನಮ್ಮ ಕ್ಷಮಿಸಿ ಹಾಗಲ್ಲ, ಅದು ಕ್ರಿಯಾಪದ, ಅದರಲ್ಲಿ ಕೆಲಸ ಮಾಡಬೇಕಾದವರು ನೀವು, ನಾನು ಕೇಳ್ಕೊಳ್ತೀನಿ, ಕೊಡೋದು ಬಿಡೋದು ನಿಮ್ಮ ಕೈಲಿದೆ. ಸಾರಿ ಅನ್ನೋದು ನನ್ನ ಕಡೆ ನೋಡ್ತಾ ಇರತ್ತೆ, ಕ್ಷಮಿಸಿ ಅನ್ನೋದು ನಿಮ್ಮ ಕಡೆ. ಶಾಲೇಲಿ ನಮಗೆ ಇವೆರಡೂ ಒಂದೇ ಅಂತ ಕಲಿಸಿಬಿಟ್ರು, ನನ್ನ ಅಭಿಪ್ರಾಯದಲ್ಲಿ ಮುಕ್ಕಾಲು ಪಾಲು ಗೊಂದಲ ಶುರುವಾಗೋದು ಅಲ್ಲಿಂದಾನೇ.

ನಮ್ಮ ಪದಗಳು ಬಡವು ಅಂತ ಹೇಳೋಕೆ ಇದನ್ನ ಹೇಳ್ತಾ ಇಲ್ಲ, ಇಲ್ಲಿ ನಮ್ಮಲ್ಲಿರೋದೇ ಶ್ರೀಮಂತ. ಕ್ಷಮೆ ಬಂದಿದ್ದು ಸಂಸ್ಕೃತದ ಕ್ಷಮ್ ಅನ್ನೋ ಧಾತುವಿಂದ, ತಾಳ್ಕೊಳ್ಳೋದು, ಸಹಿಸ್ಕೊಳ್ಳೋದು ಅಂತ. ಭೂಮಿಗೂ ಕ್ಷಮಾ ಅಂತ ಹೆಸರಿದೆ, ಎಲ್ಲಾನೂ ಹೊತ್ಕೊಂಡಿರೋಳು ಅಂತ. ಮನ್ನಿಸಿ ಅಂತೀವಿ, ಅದಕ್ಕೆ ಗೌರವಿಸು ಅನ್ನೋ ಅರ್ಥಾನೂ ಇದೆ, ತಪ್ಪು ಮಾಡಿದ ಮೇಲೂ ನನ್ನನ್ನ ಮರ್ಯಾದೆಯಿಂದ ನೋಡಿ ಅಂತ ಕೇಳ್ಕೊಂಡ ಹಾಗೆ. ತಪ್ಪಾಯ್ತು ಅಂತೀವಿ. ಇನ್ನು ನನಗೆ ತುಂಬ ಇಷ್ಟವಾದದ್ದು ಹೊಟ್ಟೆಗೆ ಹಾಕ್ಕೊಳ್ಳಿ ಅನ್ನೋದು. ನನ್ನ ತಪ್ಪನ್ನ ನೀವು ನುಂಗಿ ಅರಗಿಸ್ಕೊಳ್ಳಿ ಅಂತ ಕೇಳೋದು ಎಷ್ಟು ದೊಡ್ಡ ಬೇಡಿಕೆ ನೋಡಿ! ಇದನ್ನೆಲ್ಲ ಹಿಡಿಯೋ ಶಕ್ತಿ ಸಾರಿ ಅನ್ನೋ ಚಿಕ್ಕ ಪದಕ್ಕಿಲ್ಲ, ಅದೇ ಥರ ಸಾರಿ ಹಿಡಿಯೋದನ್ನೆಲ್ಲ ಕ್ಷಮಿಸಿ ಹಿಡಿಯಲ್ಲ.

ಇನ್ನು ಬಳಕೆಗೆ ಬರ್ತೀನಿ. ಇಂಗ್ಲಿಷಲ್ಲಿ ಸಾರಿ ಪದದ ಪಕ್ಕ ಏನು ಬಂದು ಕೂತ್ಕೊಳ್ಳತ್ತೆ ಅನ್ನೋದರ ಮೇಲೆ ಅರ್ಥ ನಿಲ್ಲತ್ತೆ. ಸಾರಿ ಎಬೌಟ್ ಅಂದ್ರೆ ಆಗಿಹೋದ ವಿಷಯದ ಬಗ್ಗೆ, ಸಾರಿ ಎಬೌಟ್ ದ ನಾಯ್ಸ್, ಗಲಾಟೆ ಆಯ್ತು ಬೇಜಾರ್ ಮಾಡ್ಕೋಬೇಡಿ. ಸಾರಿ ಫಾರ್ ಆದ್ಮೇಲೆ ನಾನು ಮಾಡಿದ ಕೆಲಸ ಬಂದ್ರೆ ತಪ್ಪೊಪ್ಪಿಗೆ, ಸಾರಿ ಫಾರ್ ಕಮಿಂಗ್ ಲೇಟ್. ಅದೇ ಸಾರಿ ಫಾರ್ ಆದ್ಮೇಲೆ ಒಬ್ಬ ಮನುಷ್ಯ ಬಂದ್ರೆ ಅದು ಕನಿಕರ, ಐ ಫೀಲ್ ಸಾರಿ ಫಾರ್ ಹಿಮ್, ಅಯ್ಯೋ ಪಾಪ ಅವನು ಅಂತ. ಇಲ್ಲಿ ಜಾರಿ ಬೀಳೋರು ಬಹಳ ಜನ. ನನ್ನ ಹತ್ರ ಇಂಗ್ಲಿಷ್ ಕಲೀತಿದ್ದ ಒಬ್ಬ ಹುಡುಗ ತನ್ನ ಮೇಲಧಿಕಾರಿಗೆ ಕ್ಷಮೆ ಕೇಳೋಕೆ ಹೋಗಿ ಐ ಫೀಲ್ ಸಾರಿ ಫಾರ್ ಯೂ ಅಂತ ಬರೆದಿದ್ದ, ನಿಮ್ಮನ್ನ ನೋಡಿದ್ರೆ ಪಾಪ ಅನ್ಸತ್ತೆ ಅಂತ ಆಗಿತ್ತು ಅದು. ಅವನ ಮನಸ್ಸಲ್ಲಿ ಇದ್ದಿದ್ದು ಪೂರ್ತಿ ಮರ್ಯಾದೆ, ಓದಿದವರಿಗೆ ಕಂಡಿದ್ದು ಅವಮಾನ. ನಮ್ಮ ಪಾಪ ಅನ್ನೋ ಪದಾನೂ ಇಲ್ಲೇ ನೆನಪಾಗತ್ತೆ, ಪುಣ್ಯದ ಎದುರಿಗೆ ಇರೋ ಪದ ಬಾಯಿಮಾತಿನಲ್ಲಿ ಕನಿಕರ ಆಗಿದೆ, ಅದರ ಮೇಲೇ ಇನ್ನೊಂದು ದಿನ ಮಾತಾಡಬಹುದು.

ನಾಮಪದದ ಮುಂದೆ ಬಂದ್ರಂತೂ ಇದು ಬೇರೇನೇ ಪದ ಅನ್ನಿಸತ್ತೆ. ಎ ಸಾರಿ ಸ್ಟೇಟ್ ಅಂದ್ರೆ ದುಃಖದಲ್ಲಿರೋ ರಾಜ್ಯ ಅಲ್ಲ, ಶೋಚನೀಯ ಸ್ಥಿತಿ. ಎ ಸಾರಿ ಎಕ್ಸ್‌ಕ್ಯೂಸ್ ಅಂದ್ರೆ ಕೆಲಸಕ್ಕೆ ಬಾರದ ನೆಪ. ನೋಡಿದವರಿಗೆ ಸಂಕಟ ತರಿಸೋ ಅಂಥದ್ದು ಅನ್ನೋ ಈ ಅರ್ಥ 13ನೇ ಶತಮಾನದಿಂದಾನೇ ಇದೆ. ಷೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ರಾಜನನ್ನ ಕೊಂದು ಬಂದು ತನ್ನ ಕೈ ನೋಡ್ಕೊಂಡು ಇದು ಸಾರಿ ಸೈಟ್ ಅಂತಾನೆ. ಅಲ್ಲಿ ಅವನು ಯಾರಿಗೂ ಕ್ಷಮೆ ಕೇಳ್ತಿಲ್ಲ, ರಕ್ತ ಮೆತ್ತಿದ ಆ ಕೈ ನೋಡೋಕಾಗ್ತಿಲ್ಲ ಅಂತಿದಾನೆ.

ಸಣ್ಣಪುಟ್ಟವನ್ನ ಬೇಗ ಹೇಳಿಬಿಡ್ತೀನಿ. ಕೊನೇಲಿ ದನಿ ಏರಿಸಿ ಸಾರಿ? ಅಂದ್ರೆ ಏನಂದ್ರಿ, ಕೇಳಿಸ್ಲಿಲ್ಲ ಅಂತ. ಮಾತಿನ ಮಧ್ಯ ಬಂದ್ರೆ ತಿದ್ದುಪಡಿ, ಮಂಗಳವಾರ, ಸಾರಿ, ಬುಧವಾರ. ಐ ಆಮ್ ಸಾರಿ ಟು ಸೇ ಅಂದ್ರೆ ಮುಂದೆ ಕೆಟ್ಟ ಸುದ್ದಿ ಇದೆ. ಯೂ ವಿಲ್ ಬಿ ಸಾರಿ ಅಂದ್ರೆ ಬೆದರಿಕೆ, ಪಶ್ಚಾತ್ತಾಪ ಪಡ್ತೀಯ ನೋಡ್ತಿರು ಅಂತ. ಐ ಆಮ್ ತೆಗೆದು ಬರೀ ಸಾರಿ ಅಂತ ಉಳಿಸ್ಕೊಂಡಿದ್ದು 19ನೇ ಶತಮಾನದಲ್ಲಿ, ಆಮೇಲಿಂದ ಇದು ಇಷ್ಟು ಹಗುರ ಆಗಿದ್ದು ಅನ್ಸತ್ತೆ ನನಗೆ. ಉಚ್ಚಾರಣೇನೂ ಒಂದೊಂದು ಕಡೆ ಒಂದೊಂದು ಥರ, ಬ್ರಿಟನ್ನಿನೋರು ಮೊದಲಕ್ಷರ ಗಿಡ್ಡ ಮಾಡಿ ಸಾ ಮತ್ತೆ ಸೊ ಮಧ್ಯದಲ್ಲಿ ನಿಲ್ಲಿಸ್ತಾರೆ, ಅಮೆರಿಕದೋರು ಸಾರಿ ಅಂತಾರೆ, ಕೆನಡಾದೋರದ್ದು ಸೋರಿ. ನಾವು ಮೂರರಲ್ಲಿ ಯಾವುದು ಹೇಳಿದ್ರೂ ಯಾರಿಗೂ ತೊಂದರೆ ಇಲ್ಲ, ಒತ್ತಡ ಮೊದಲಕ್ಷರದ ಮೇಲೆ ಇರ್ಲಿ ಸಾಕು.

ಈಗ ನಾನು ಹೇಳಿದ ಮೇಲ್ ಕಥೆಗೆ ಹತ್ತಿರದ ಇನ್ನೊಂದು ವಿಷಯ. ನೈಜೀರಿಯಾ, ಘಾನಾ ಕಡೆ ಇಂಗ್ಲಿಷಲ್ಲಿ, ನೀವು ಎಡವಿ ಬಿದ್ರೆ ನಿಮಗೂ ತಮಗೂ ಸಂಬಂಧಾನೇ ಇಲ್ಲದೋರು ಸಾರಿ ಅಂತಾರೆ. ನೀವು ಕೆಮ್ಮಿದ್ರೂ ಸಾರಿ. ಅವರ ತಪ್ಪೇನೂ ಇಲ್ಲ, ಅದು ಅವರಿಗೂ ಗೊತ್ತು, ನಿಮಗೆ ನೋವಾಯ್ತಲ್ಲ, ಅದು ನನಗೂ ತಟ್ಟಿತು ಅಂತ ಹೇಳೋದು. ಐರ್ಲೆಂಡಿನಲ್ಲಿ ಸಾವಿನ ಮನೇಲಿ ಐ ಆಮ್ ಸಾರಿ ಫಾರ್ ಯುವರ್ ಟ್ರಬಲ್ ಅಂತ ಹೇಳೋದು ತಲೆಮಾರುಗಳಿಂದ ಇದೆ. ಇದು ಕಲಿಯದೋರ ಇಂಗ್ಲಿಷು, ತಪ್ಪು ಬಳಕೆ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ, ಪದದ ಮೂಲಕ್ಕೆ ಅವರೇ ಹೆಚ್ಚು ಹತ್ರ ಇದಾರೆ.

ಸರಿ, ಒಂದೇ ಪದ ನೋವನ್ನೂ ಹೇಳತ್ತೆ, ತಪ್ಪನ್ನೂ ಒಪ್ಪತ್ತೆ ಅಂದ್ಮೇಲೆ, ಇದು ಮಾತಾಡೋರಿಗೆ ಅನುಕೂಲ, ಕೇಳೋರಿಗೆ ಕಷ್ಟ. ಜೆ. ಎಲ್. ಆಸ್ಟಿನ್ ಅಂತ ಆಕ್ಸ್‌ಫರ್ಡಿನ ತತ್ವಶಾಸ್ತ್ರಜ್ಞ, 1955ರಲ್ಲಿ ಹಾರ್ವರ್ಡಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇದನ್ನ ಚೆನ್ನಾಗಿ ಬಿಡಿಸಿದಾರೆ. ಕೆಲವು ಮಾತು ಸುದ್ದಿ ಹೇಳತ್ತೆ, ಕೆಲವು ಮಾತು ಆಡಿದ ಕೂಡ್ಲೇ ಕೆಲಸ ಆಗಿಬಿಡತ್ತೆ. ಮಾತು ಕೊಡ್ತೀನಿ ಅಂದ್ರೆ ಮಾತು ಕೊಟ್ಟ ಹಾಗೇ, ಬೇರೇನೂ ಮಾಡಬೇಕಿಲ್ಲ. ಐ ಅಪಾಲಜೈಸ್ ಈ ಗುಂಪಿಗೆ ಸೇರತ್ತೆ. ಐ ಆಮ್ ಸಾರಿ ಮಾತ್ರ ಒಂದು ಕಾಲು ಇಲ್ಲಿ ಒಂದು ಕಾಲು ಅಲ್ಲಿ ಇಟ್ಕೊಂಡಿದೆ, ಮನಸ್ಥಿತಿ ಹೇಳೋದೂ ಹೌದು, ಕ್ಷಮೆ ಕೇಳೋದೂ ಹೌದು. (ಅಪಾಲಜಿ ಅನ್ನೋದರ ಗ್ರೀಕ್ ಮೂಲ ಅಪೊಲೊಗಿಯಾ, ಕೋರ್ಟಿನಲ್ಲಿ ತನ್ನ ಪರವಾಗಿ ಮಾಡೋ ವಾದ ಅಂತ ಅರ್ಥ. ಪ್ಲೇಟೋ ಬರೆದ ಅಪಾಲಜಿಯಲ್ಲಿ ಸಾಕ್ರಟೀಸ್ ಒಂದು ಕಡೆನೂ ಕ್ಷಮೆ ಕೇಳಲ್ಲ, ನಾನು ಮಾಡಿದ್ದು ಸರಿ ಅಂತಾನೇ ವಾದ ಮಾಡ್ತಾನೆ.)

ಈ ಎರಡು ದೋಣಿ ಮೇಲಿನ ಕಾಲಿನಿಂದ ದೇಶ ದೇಶಗಳ ಮಧ್ಯದ ಗಂಟೊಂದು ಬಿಚ್ಚಿದೆ. 2001ರ ಏಪ್ರಿಲ್ 1ನೇ ತಾರೀಕು ದಕ್ಷಿಣ ಚೀನಾ ಸಮುದ್ರದ ಮೇಲೆ ಅಮೆರಿಕದ ಒಂದು ಗೂಢಚರ್ಯೆ ವಿಮಾನಕ್ಕೂ ಚೀನಾದ ಫೈಟರ್ ವಿಮಾನಕ್ಕೂ ಡಿಕ್ಕಿ ಆಯ್ತು, ಚೀನಾದ ಪೈಲಟ್ ಸತ್ತುಹೋದ್ರು, ಅಮೆರಿಕದ ವಿಮಾನ ಹೈನಾನ್ ದ್ವೀಪದಲ್ಲಿ ಅನುಮತಿ ಸಿಗದೇನೇ ಇಳೀತು, ಅದರಲ್ಲಿದ್ದ 24 ಜನಾನ ಚೀನಾ ಇಟ್ಕೊಳ್ತು. ಚೀನಾ ಪೂರ್ತಿ ಕ್ಷಮೆ ಕೇಳಿ ಅಂತು, ಅಮೆರಿಕ ನಮ್ಮದೇನೂ ತಪ್ಪಿಲ್ಲ ಅಂತು. ಹತ್ತು ದಿನ ಎಳೆದಾಡಿ ಕೊನೆಗೆ ಏಪ್ರಿಲ್ 11ಕ್ಕೆ ಅಮೆರಿಕದ ರಾಯಭಾರಿ ಒಂದು ಪತ್ರ ಕೊಟ್ರು. ಅದರಲ್ಲಿ ಎರಡು ಸಲ ವೆರಿ ಸಾರಿ ಅಂತ ಇತ್ತು, ಒಂದು ಪೈಲಟ್ ಸಾವಿನ ಬಗ್ಗೆ, ಇನ್ನೊಂದು ಅನುಮತಿ ಇಲ್ದೆ ಇಳಿದಿದ್ದರ ಬಗ್ಗೆ. ಅಪಾಲಜಿ ಅನ್ನೋ ಪದ ಮಾತ್ರ ಇರ್ಲಿಲ್ಲ. ಚೀನಾದಲ್ಲಿ ಅದನ್ನ ಗಾಢವಾಗಿ ಕ್ಷಮೆ ವ್ಯಕ್ತಪಡಿಸಿದ್ರು ಅನ್ನೋ ಅರ್ಥದ ಮಾತಿಗೆ ತರ್ಜುಮೆ ಮಾಡ್ಕೊಂಡ್ರು, ಅಮೆರಿಕದಲ್ಲಿ ನಾವು ವಿಷಾದ ಹೇಳಿದೀವಿ, ಕ್ಷಮೆ ಕೇಳಿಲ್ಲ ಅಂದ್ರು, 24 ಜನಾನೂ ಮನೆಗೆ ಹೋದ್ರು. ಬರೆದವರು ಒಂದು ಪದವನ್ನ ತೂಗಿ ತೂಗಿ ಇಟ್ಟಿದ್ರು, ಎರಡು ಕಡೆನೂ ತಮಗೆ ಬೇಕಾದ್ದನ್ನ ಅದರಲ್ಲೇ ಓದ್ಕೊಂಡ್ರು. ರಿಗ್ರೆಟ್, ಅಂದ್ರೆ ವಿಷಾದ, ಅನ್ನೋ ಪದಾನೂ ಆ ಪತ್ರದಲ್ಲಿತ್ತು, ಆದ್ರೆ ವೆರಿ ಸಾರಿ ಇಲ್ದೆ ಬರೀ ಅದೊಂದೇ ಇದ್ದಿದ್ರೆ, ಇಲ್ಲಾ ಐ ಅಪಾಲಜೈಸ್ ಅಂತ ಇದ್ದಿದ್ರೆ, ಯಾವುದೋ ಒಂದು ದೇಶ ಒಪ್ಪುತ್ತಿರಲಿಲ್ಲ ಅನ್ಸತ್ತೆ ನನಗೆ.

ಇದಕ್ಕೆ ತದ್ವಿರುದ್ಧವಾದ ಕಥೆ ಆಸ್ಟ್ರೇಲಿಯಾದ್ದು, ಇದನ್ನ ಹೇಳುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟತ್ತೆ. ಅಲ್ಲಿ ಸರ್ಕಾರ, ಚರ್ಚುಗಳು ಸೇರಿ ಹಲವು ದಶಕಗಳ ಕಾಲ ಮೂಲನಿವಾಸಿ ಮಕ್ಕಳನ್ನ ಅಪ್ಪ ಅಮ್ಮನಿಂದ ಕಿತ್ಕೊಂಡು ಬೇರೆ ಕಡೆ ಬೆಳೆಸಿದ್ರು. 1997ರಲ್ಲಿ ಈ ಬಗ್ಗೆ ವರದಿ ಸಂಸತ್ತಿಗೆ ಬಂತು, ಮಾರನೇ ವರ್ಷದಿಂದ ಮೇ 26ನ್ನ ಸಾರಿ ಡೇ ಅಂತಾನೇ ಜನ ಆಚರಿಸೋಕೆ ಶುರು ಮಾಡಿದ್ರು. 1999ರಲ್ಲಿ ಪ್ರಧಾನಿ ಜಾನ್ ಹೋವರ್ಡ್ ಸಂಸತ್ತಿನಲ್ಲಿ ಒಂದು ನಿರ್ಣಯ ತಂದ್ರು, ಅದರಲ್ಲಿ ಡೀಪ್ ಅಂಡ್ ಸಿನ್ಸಿಯರ್ ರಿಗ್ರೆಟ್ ಅಂತ ಇತ್ತು, ಆಳವಾದ ಪ್ರಾಮಾಣಿಕ ವಿಷಾದ. ಕೇಳೋಕೆ ಸಾರಿಗಿಂತ ದೊಡ್ಡ ಮಾತು, ಅಲ್ವಾ? ಆದ್ರೆ ಜನಕ್ಕೆ ಬೇಕಿದ್ದಿದ್ದು ಆ ಚಿಕ್ಕ ಪದಾನೇ. 2000ದ ಮೇ ತಿಂಗಳಲ್ಲಿ ಲಕ್ಷಾಂತರ ಜನ ಸಿಡ್ನಿ ಹಾರ್ಬರ್ ಸೇತುವೆ ಮೇಲೆ ನಡೆದ್ರು, ಮೇಲೆ ಆಕಾಶದಲ್ಲಿ ವಿಮಾನವೊಂದು ಹೊಗೆಯಲ್ಲಿ ಸಾರಿ ಅಂತ ಬರೀತು. ಕೊನೆಗೆ 2008ರ ಫೆಬ್ರವರಿ 13ಕ್ಕೆ ಹೊಸ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಎದ್ದು ನಿಂತು ವಿ ಸೇ ಸಾರಿ ಅಂದ್ರು, ಒಂದು ಸಲ ಅಲ್ಲ, ಮತ್ತೆ ಮತ್ತೆ ಮೂರು ಸಲ. ಮುದುಕರಾಗಿದ್ದ ಆ ಮಕ್ಕಳು ಗ್ಯಾಲರೀಲಿ ಕೂತು ಅಳ್ತಿದ್ರು. ವಿಷಾದ ಅನ್ನೋದನ್ನ ದೂರ ನಿಂತು ಹೇಳಬಹುದು, ಸಾರಿ ಅನ್ನೋಕೆ ಹತ್ರ ಬರಬೇಕು, ಮಗು ಹೇಳೋ ಪದ ಅದು, ಬಚ್ಚಿಟ್ಕೊಳ್ಳೋಕೆ ಅದರಲ್ಲಿ ಜಾಗ ಇಲ್ಲ. ಒಂಬತ್ತು ವರ್ಷ ಅವರು ಕಾದಿದ್ದು ಯಾಕೆ ಅಂತ ನಾನು ಹೀಗೆ ಅರ್ಥ ಮಾಡ್ಕೊಂಡಿದೀನಿ.

ಕಾನೂನಿಗೂ ಈ ಪದ ತಲೆನೋವು ತಂದಿದೆ. ಅಪಘಾತ ಆದಾಗ ಡ್ರೈವರು, ಆಪರೇಷನ್ ಆದ್ಮೇಲೆ ಡಾಕ್ಟರು ಐ ಆಮ್ ಸಾರಿ ಅಂದ್ರೆ ಅದನ್ನೇ ಹಿಡ್ಕೊಂಡು ನೋಡಿ ತಪ್ಪೊಪ್ಕೊಂಡ್ರು ಅಂತ ಕೇಸ್ ಹಾಕಬಹುದು ಅನ್ನೋ ಭಯಕ್ಕೆ ಎಷ್ಟೋ ಜನ ಬಾಯಿ ಮುಚ್ಕೊಂಡು ಇರ್ತಿದ್ರು. ಅದಕ್ಕೇ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1986ರಲ್ಲಿ, ಅಪಘಾತ ಆದೋರಿಗೆ ಹೇಳೋ ಸಹಾನುಭೂತಿ ಮಾತನ್ನ ತಪ್ಪೊಪ್ಪಿಗೆಗೆ ಸಾಕ್ಷಿಯಾಗಿ ತಗೊಳ್ಳೋ ಹಾಗಿಲ್ಲ ಅಂತ ಕಾನೂನು ಮಾಡ್ತು. ಕೆನಡಾದ ಬ್ರಿಟಿಷ್ ಕೊಲಂಬಿಯಾ 2006ರಲ್ಲಿ, ಒಂಟಾರಿಯೊ 2009ರಲ್ಲಿ ಅಪಾಲಜಿ ಆಕ್ಟ್ ಅಂತಾನೇ ತಂದವು, ಅಲ್ಲಿ ಸಾರಿ ಅಂದ್ರೂ, ಅದರಲ್ಲೇ ತಪ್ಪು ಒಪ್ಕೊಂಡ್ರೂ, ಅದಷ್ಟನ್ನೇ ಇಟ್ಕೊಂಡು ಹೊಣೆ ಹೊರಿಸೋಕೆ ಆಗಲ್ಲ. ಮನುಷ್ಯ ಮನುಷ್ಯನಿಗೆ ಬೇಜಾರಾಯ್ತು ಅಂತ ಹೇಳೋಕೆ ಕಾನೂನಿನ ರಕ್ಷಣೆ ಬೇಕಾಯ್ತಲ್ಲ ಅನ್ನೋ ಸಂಕಟ ಇದೆ ನನಗೆ, ಆದ್ರೂ ಆ ಕಾನೂನುಗಳು ಬಂದಿದ್ದು ಒಳ್ಳೇದೇ ಆಯ್ತು.

ಇನ್ನೊಂದು ಮಾತು, ಇದರಲ್ಲಿ ನನಗೆ ಸಿಟ್ಟೂ ಇದೆ. ಐ ಆಮ್ ಸಾರಿ ಇಫ್ ಯೂ ವರ್ ಹರ್ಟ್ ಅಂತಾರೆ ಕೆಲವರು, ನಿಮಗೆ ನೋವಾಗಿದ್ರೆ ಸಾರಿ. ಐ ಆಮ್ ಸಾರಿ ಯೂ ಫೀಲ್ ದಟ್ ವೇ ಅಂತಾರೆ, ನಿಮಗೆ ಹಾಗನ್ನಿಸಿದ್ದು ಬೇಜಾರಿನ ಸಂಗತಿ ಅಂತ. ವ್ಯಾಕರಣದಲ್ಲಿ ಒಂದು ತಪ್ಪೂ ಸಿಗಲ್ಲ. ಆದ್ರೆ ನಾನು ಏನು ಮಾಡ್ದೆ ಅನ್ನೋದೇ ವಾಕ್ಯದಿಂದ ಮಾಯವಾಗಿ ನಿಮಗೆ ಏನನ್ನಿಸ್ತು ಅನ್ನೋದು ಮಾತ್ರ ಉಳ್ಕೊಂಡಿರತ್ತೆ, ತಪ್ಪು ಮೆಲ್ಲಗೆ ನಿಮ್ಮ ಹೆಗಲಿಗೆ ಬಂದಿರತ್ತೆ. ಇಂಗ್ಲಿಷ್ ಕಲಿಯೋರಿಗೆ ನಾನು ಹೇಳೋದು, ನಿಜವಾಗ್ಲೂ ಕ್ಷಮೆ ಕೇಳಬೇಕು ಅಂದ್ರೆ ಸಾರಿ ಆದ್ಮೇಲೆ ಇಫ್ ಹಾಕಬೇಡಿ, ಬಟ್ ಹಾಕಬೇಡಿ, ಫಾರ್ ಹಾಕಿ ನೀವು ಮಾಡಿದ್ದನ್ನ ಹೇಳಿ, ಐ ಆಮ್ ಸಾರಿ ಫಾರ್ ಶೌಟಿಂಗ್ ಅಟ್ ಯೂ. ಕನ್ನಡದಲ್ಲೂ ಇದೇ ಆಟ ಬರ್ತಿದೆ ಈಗ, ಯಾರಿಗಾದರೂ ನೋವಾಗಿದ್ದಲ್ಲಿ ವಿಷಾದಿಸುತ್ತೇನೆ ಅಂತ. ನೇರವಾಗಿ ತಪ್ಪಾಯ್ತು ಅನ್ನೋಕೆ ನಮ್ಮ ನಾಲಿಗೆಗೇನು ಕಷ್ಟ?

ಮಾತು ಮುಗಿದ ಮೇಲೆ ಹಿಂದಿನ ಸಾಲಲ್ಲಿದ್ದ ಒಬ್ರು ಒಳ್ಳೇ ಪ್ರಶ್ನೆ ಕೇಳಿದ್ರು, ಅವರು ಸಬ್‌ಟೈಟಲ್ ಬರೀತಾರಂತೆ. ಸಿನಿಮಾದಲ್ಲಿ ಡಾಕ್ಟರು ಆಪರೇಷನ್ ಥಿಯೇಟರಿಂದ ಹೊರಗೆ ಬಂದು ಐ ಆಮ್ ಸಾರಿ ಅಂತಾರೆ, ನಾನು ನನ್ನನ್ನು ಕ್ಷಮಿಸಿ ಅಂತ ಬರೀತಿದ್ದೆ, ಅದು ತಪ್ಪಾ ಮೇಡಂ ಅಂದ್ರು. ನನ್ನನ್ನು ಕ್ಷಮಿಸಿ ಅಂದ್ರೆ ಡಾಕ್ಟರೇ ಏನೋ ಎಡವಟ್ಟು ಮಾಡಿದಾರೆ ಅಂತ ಕೂರುತ್ತೆ ನೋಡೋರ ತಲೇಲಿ ಅಂದೆ. ಹಾಗಾದ್ರೆ ಏನು ಬರೀಲಿ ಅಂದ್ರು. ಅಲ್ಲಿದ್ದೋರೆಲ್ಲ ಸೇರಿ ಹುಡುಕಿದ್ವಿ, ದುಃಖದ ಸಂಗತಿ ಅಂತ ಒಬ್ರು, ಅದು ವಾರ್ತೆ ಓದಿದ ಹಾಗಾಯ್ತು ಅಂತ ಇನ್ನೊಬ್ರು, ನಮ್ಮ ಕೈಲಾಗಲಿಲ್ಲ ಅಂತ ಮತ್ತೊಬ್ರು, ಅದು ಡಾಕ್ಟರ ಬಾಯಿಗೆ ಸರಿ ಹೊಂದತ್ತೆ ಅಂತ ನನಗೂ ಅನ್ನಿಸ್ತು. ವಯಸ್ಸಾದ ಒಬ್ರು ಎದ್ದು, ಡಾಕ್ಟರು ಬಿಡಿ, ನಾವಾಗಿದ್ರೆ ಹೀಗಾಗಬಾರದಿತ್ತು ಅಂತಿದ್ವಿ ಅಂದ್ರು. ಸಭೇಲಿ ಒಂದು ನಿಮಿಷ ಯಾರೂ ಮಾತಾಡ್ಲಿಲ್ಲ. ಹೀಗಾಗಬಾರದಿತ್ತು. ಯಾರ ತಪ್ಪು ಅನ್ನೋ ಲೆಕ್ಕ ಇಲ್ಲ ಅದರಲ್ಲಿ, ನನಗೆ ಮೇಲ್ ಬರೆದ ಆ ಹೆಂಗಸು ಹೇಳೋಕೆ ಬಂದಿದ್ದೂ ಇದೇನೇ.

ಇನ್ನೊಬ್ಬ ಹುಡುಗಿ ಕೇಳಿದ್ಲು, ಅವರು ಐ ಆಮ್ ಸಾರಿ ಅಂದಾಗ ನಾವು ಏನು ಉತ್ತರ ಹೇಳಬೇಕು ಅಂತ. ತಪ್ಪು ಮಾಡಿ ಹೇಳಿದ್ರೆ ದಟ್ಸ್ ಓಕೆ, ನಿಮ್ಮ ದುಃಖಕ್ಕೆ ಹೇಳಿದ್ರೆ ಥ್ಯಾಂಕ್ ಯೂ, ಅಷ್ಟೇನಮ್ಮ ಅಂದೆ. ಅವಳಿಗೆ ಹೇಳದೇ ಇದ್ದ ಒಂದು ವಿಷಯ ಇಲ್ಲಿ ಬರೀತೀನಿ. ನಾನು ಆ ಕೆಲಸ ಬಿಟ್ಟು ಆರು ವರ್ಷ ಆದ್ಮೇಲೆ ಆ ಹೆಂಗಸಿನ ತಾಯಿ ಹೋಗಿಬಿಟ್ರು ಅಂತ ಯಾರೋ ಹೇಳಿದ್ರು. ಹಳೇ ಮೇಲ್ ಹುಡುಕಿ ತೆಗೆದು ಅದಕ್ಕೇ ರಿಪ್ಲೈ ಒತ್ತಿ ಐ ಆಮ್ ಸೋ ಸಾರಿ ಅಂತ ಬರೆದೆ, ಅದರ ಕೆಳಗೆ, ಅಪ್ಪ ಹೋದಾಗ ನೀವು ಬರೆದಿದ್ದಕ್ಕೆ ಥ್ಯಾಂಕ್ ಯೂ, ಅವತ್ತು ಹೇಳೋಕೆ ಆಗಿರಲಿಲ್ಲ ಅಂತಾನೂ ಬರೆದೆ. ಸಂಜೆ ಹೊತ್ತಿಗೆ ಉತ್ತರ ಬಂತು, ಎರಡೇ ಪದ, ಥ್ಯಾಂಕ್ ಯೂ.